ಕರಪತ್ರದ ಹಿಂಬದಿ

ಆ ಕರಪತ್ರದ ಒಂದು ಪ್ರತಿ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಮುಂಬದಿಯ ಅಕ್ಷರಗಳು ಮಾಸಿದ್ದರೂ ಓದಲು ಬರುತ್ತವೆ. ಹಿಂಬದಿಗೆ ಒಣಗಿದ ರಾಗಿ ಗಂಜಿ, ಅದರ ಮೇಲೆ ಗೋಡೆಯ ಸುಣ್ಣ ಮೆತ್ತಿಕೊಂಡು ಒಂದಕ್ಷರವೂ ಕಾಣುವುದಿಲ್ಲ. ಎರಡೂ ಬದಿ ಬರೆದವನು ನಾನೇ. ಮುಂಬದಿಯನ್ನು ಖುಷಿಯಿಂದ ಬರೆದೆ, ಹಿಂಬದಿಯನ್ನು ಬೇಸರದಿಂದ ಬರೆದೆ. ಅದರ ಫಲ ಉಂಡವರು ಬೇರೆಯವರು.

ಐವತ್ತರ ದಶಕದ ಕೊನೆಯ ವರ್ಷಗಳು. ಮಧುಗಿರಿಯ ಒಂದು ಚಿಕ್ಕ ಮುದ್ರಣಾಲಯದಲ್ಲಿ ನಾನು ಬರೆಯುವ ಕೆಲಸಕ್ಕಿದ್ದೆ. ಮಾಲೀಕರು ಸಿರಾದವರು, ಎಲ್ಲರೂ ಅವರನ್ನು ಸಾಹೇಬರು ಅನ್ನುತ್ತಿದ್ದೆವು. ಅವರು ನನ್ನನ್ನು ಮುನ್ಶಿ ಅನ್ನುತ್ತಿದ್ದರು. ನಮ್ಮಲ್ಲಿ ಎರಡು ಬಗೆಯ ಬರಹ ಅಚ್ಚಾಗುತ್ತಿತ್ತು. ಟೂರಿಂಗ್ ಟಾಕೀಸು, ಬೀಡಿ, ಹೊಸ ಬಟ್ಟೆ ಅಂಗಡಿ, ಇವುಗಳ ಕರಪತ್ರ ಒಂದು. ಪಂಚಾಯಿತಿಯವರು, ಆಸ್ಪತ್ರೆಯವರು ಜನರಿಗೆ ಹಂಚಲು ಮಾಡಿಸುವ ತಿಳುವಳಿಕೆ ಪತ್ರ ಇನ್ನೊಂದು. ಸಾಹೇಬರ ಬಾಯಲ್ಲಿ ಮೊದಲನೆಯದು 'ಕೂಗು', ಎರಡನೆಯದು 'ಪಾಠ'. ಕೂಗು ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ ಎಂದು ನಾನು ನಂಬಿದ್ದೆ. ನನ್ನ ಕರಪತ್ರ ಓದಿ ಜನ ಕೊರಟಗೆರೆಯಿಂದ ಗಾಡಿ ಕಟ್ಟಿಕೊಂಡು ಸಿನಿಮಾಕ್ಕೆ ಬಂದದ್ದುಂಟು. ಪಾಠ ಬರೆಯುವಾಗ ಮಾತ್ರ ಆಕಳಿಕೆ ಬರುತ್ತಿತ್ತು.

ಒಂದು ಬೆಳಿಗ್ಗೆ ದನದ ಆಸ್ಪತ್ರೆಯ ಡಾಕ್ಟರೂ ಪೇಟೆಯ ಒಬ್ಬ ಅಂಗಡಿ ಸಾಹುಕಾರರೂ ಒಟ್ಟಿಗೆ ಬಂದರು. ಸಾಹುಕಾರರು ಮದರಾಸಿನಿಂದ ಕುರಿಗಳಿಗೆಂದು ಒಂದು ಪುಡಿ ತರಿಸಿದ್ದರು. ಅದನ್ನು ನೀರಿಗೆ ಬೆರೆಸಿ, ತೊಟ್ಟಿಗೆ ತುಂಬಿ, ಕುರಿಯನ್ನು ಒಮ್ಮೆ ಮುಳುಗಿಸಿ ತೆಗೆದರೆ ಉಣುಗು, ಹೇನು, ಕಜ್ಜಿ ಎಲ್ಲ ಹೋಗುತ್ತದೆ. ಪುಡಿ ಒಳ್ಳೆಯದೇ ಎಂದು ಡಾಕ್ಟರೂ ಒಪ್ಪಿದ್ದರು. ಆದರೆ ಅದರಲ್ಲಿ ಪಾಷಾಣವಿದೆ, ಬಳಸುವ ಕ್ರಮ ತಪ್ಪಬಾರದು ಎಂದು ತಮ್ಮ ಕೈಯಾರೆ ಹತ್ತು ಅಂಶ ಬರೆದು ತಂದಿದ್ದರು. ಕುರಿಹಟ್ಟಿಗಳಲ್ಲಿ ಆಗ ಕುರಿಯ ಮೈಯ ಉಣ್ಣೆ, ಅಂದರೆ ತುಪ್ಪಟ, ಕತ್ತರಿಸುವ ಕಾಲ. ಕತ್ತರಿಸಿ ಹದಿನೈದು ದಿನ ಕಳೆದು, ಕತ್ತರಿ ತಾಗಿದ ಗಾಯ ಮಾಯ್ದ ಮೇಲೆ ಮುಳುಗಿಸಬೇಕು. ಹಾಗಾಗಿ ಕೆಲಸ ಬೇಗ ಆಗಬೇಕಿತ್ತು.

ಡಾಕ್ಟರ ಮೊದಲನೇ ಅಂಶ ಹೀಗಿತ್ತು: 'ಮುಳುಗಿಸುವ ಮುಂಚೆ ಕುರಿಗಳಿಗೆ ಹೊಟ್ಟೆ ತುಂಬ ನೀರು ಕುಡಿಸಿ ನೆರಳಿನಲ್ಲಿ ನಿಲ್ಲಿಸಬೇಕು.' ಆಮೇಲೆ ಒಂದು ಡಬ್ಬಿಗೆ ಎಷ್ಟು ಕೊಡ ನೀರು, ತಲೆಯನ್ನು ಅದ್ದುವಾಗ ಬಾಯಿ ಹೇಗೆ ಹಿಡಿಯಬೇಕು, ಮೇಲೆ ಬಂದ ಕುರಿಯನ್ನು ಮೈ ಸೋರುವ ತನಕ ಹುಲ್ಲಿಲ್ಲದ ನೆಲದಲ್ಲಿ ಏಕೆ ನಿಲ್ಲಿಸಬೇಕು, ಉಳಿದ ನೀರನ್ನು ಎಲ್ಲಿ ಗುಂಡಿ ತೋಡಿ ಸುರಿಯಬೇಕು, ಹೀಗೆ. ಸಾಹುಕಾರರು ಆ ಕಾಗದವನ್ನು ನೋಡಿ ಮುಖ ಸಿಂಡರಿಸಿದರು. ಇದನ್ನು ಓದಿದರೆ ಯಾವನೂ ಡಬ್ಬಿ ಮುಟ್ಟುವುದಿಲ್ಲ, ಪಾಷಾಣ ಎಂಬ ಮಾತು ಮುಂದೆ ಬರಕೂಡದು ಎಂದರು. ನಾನು ಸಾಹುಕಾರರ ಕಡೆಗೇ ವಾಲಿದೆ. ಕುರಿಗೆ ನೀರು ಕುಡಿಸಿ ಎಂದು ಶುರುವಾಗುವ ಕರಪತ್ರವನ್ನು ಯಾರಾದರೂ ಕೈಯಲ್ಲಿ ಹಿಡಿಯುತ್ತಾರೆಯೇ ಎಂದು ಮನಸ್ಸಿನಲ್ಲೇ ನಕ್ಕೆ. ಇಬ್ಬರಿಗೂ ಒಪ್ಪುವ ಉಪಾಯ ನಾನೇ ಹೇಳಿದೆ. ಮುಂಬದಿಯಲ್ಲಿ ಕೂಗು, ಹಿಂಬದಿಯಲ್ಲಿ ಪಾಠ.

ಮುಂಬದಿಗೆ ಎರಡು ದಿನ ಹಿಡಿಯಿತು. ಕುರಿಗಾರರಿಗೆ ತೊಟ್ಟಿ, ಮುಳುಗಿಸುವುದು ಎಲ್ಲ ಹೊಸದು. ಹೊಸದನ್ನು ಹಳೆಯದರ ಹೆಗಲಿಗೆ ಹಾಕಿದರೆ ಮಾತ್ರ ಕೊಳ್ಳುವವನ ಅಂಜಿಕೆ ಹೋಗುತ್ತದೆ, ಇದು ನನ್ನ ಕಸುಬಿನ ಲೆಕ್ಕ. ಹಿಂದೊಮ್ಮೆ ಕೊಡಿಗೇನಹಳ್ಳಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕೆರೆಯಲ್ಲಿ ಕುರಿ ತೊಳೆಯುವುದನ್ನು ನೋಡಿದ್ದೆ. ತುಪ್ಪಟ ಕತ್ತರಿಸುವ ಮುಂಚೆ ಹಟ್ಟಿಯವರೆಲ್ಲ ಕುರಿಗಳನ್ನು ಕೆರೆಗೆ ಇಳಿಸಿ ಮೈ ತೊಳೆಯುತ್ತಾರೆ. ಆ ದಿನ ಕುರಿಗಳು ಯಾರೂ ದೂಡದೆ ತಾವಾಗಿಯೇ ನೀರಿಗೆ ನುಗ್ಗಿದ್ದು ನನ್ನ ಕಣ್ಣಿಗೆ ಕಟ್ಟಿತ್ತು. ಅದು ನೆನಪಾದದ್ದೇ ತಡ, ಸಾಲು ಸಿಕ್ಕಿತು. 'ಉಣುಗು, ಹೇನು, ಕಜ್ಜಿ ಒಂದೇ ಮುಳುಗಿಗೆ ಮಾಯ. ಕೆರೆಯಲ್ಲಿ ಕುರಿ ತೊಳೆದಷ್ಟೇ ಸುಲಭ.' ಎರಡನೆಯ ಸಾಲಿಗೆ ಮರದ ಅಚ್ಚಿನ ದೊಡ್ಡ ಅಕ್ಷರ ಹಾಕಿಸಿದೆ. ಕುರಿಯ ಚಿತ್ರದ ಬ್ಲಾಕು ನಮ್ಮಲ್ಲಿರಲಿಲ್ಲ, ಮೇಕೆಯದಿತ್ತು, ಅದನ್ನೇ ಹಾಕಿದೆವು. ಹಿಂಬದಿಯ ಹತ್ತು ಅಂಶಗಳನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ. ಜಾಗ ಸಾಲದೆ ಎಂಟು ಪಾಯಿಂಟಿನ ಸಣ್ಣ ಅಚ್ಚುಮೊಳೆಯಲ್ಲಿ ಒತ್ತೊತ್ತಾಗಿ ಜೋಡಿಸಿದರು. ಡಾಕ್ಟರಿಗೆ ಕರಡು ತೋರಿಸಲು ಹೋದಾಗ ಅವರು ಹಿಂಬದಿಯನ್ನು ಮಾತ್ರ ಕನ್ನಡಕ ಏರಿಸಿಕೊಂಡು ಓದಿದರು. ಹತ್ತೂ ಅಂಶ ಇವೆ, ಒಂದೂ ತಪ್ಪಿಲ್ಲ ಎಂದು ಸಹಿ ಹಾಕಿದರು. ಮುಂದೆ ಏನಿದೆ ಎಂದು ಕೇಳಿದರು. ಮುಂದೆ ಬರೀ ಜಾಹೀರಾತು ಸಾರ್ ಎಂದೆ.

ಪುರವರ, ಕೊಡಿಗೇನಹಳ್ಳಿ, ಐ.ಡಿ.ಹಳ್ಳಿ, ಎಲ್ಲ ಸಂತೆಗಳಲ್ಲೂ ಕರಪತ್ರ ಹಂಚಿದರು. ಪಾವಗಡದ ಬಸ್ಸಿನವರ ಕೈಗೂ ಕಟ್ಟು ಕೊಟ್ಟರು. ಡಬ್ಬಿಗಳು ಖಾಲಿಯಾಗಿ ಸಾಹುಕಾರರು ಮತ್ತೆ ಮದರಾಸಿಗೆ ತಂತಿ ಕೊಟ್ಟರಂತೆ. ನಮ್ಮ ಮುದ್ರಣಾಲಯಕ್ಕೆ ಬಂದು ನನ್ನ ಬೆನ್ನು ತಟ್ಟಿ ಹೋದರು. ಆ ವಾರವೆಲ್ಲ ನಾನು ಬೀಗುತ್ತಲೇ ಇದ್ದೆ, ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಹತ್ತು ದಿನ ಕಳೆದಿರಬಹುದು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಡಾಕ್ಟರು ಬೀದಿಯಲ್ಲೇ ನಿಂತಿದ್ದರು. ಒಳಗೆ ಬರಲಿಲ್ಲ. ಐ.ಡಿ.ಹಳ್ಳಿಯ ಆಚೆ ಒಂದು ಹಟ್ಟಿಯಲ್ಲಿ ನಿನ್ನೆ ಕುರಿ ಮುಳುಗಿಸಿದ್ದಾರೆ, ಸಂಜೆಯಿಂದ ಬೀಳುತ್ತಿವೆ, ನೀವೂ ಬನ್ನಿ ಎಂದಷ್ಟೇ ಹೇಳಿದರು. ನಾನೇಕೆ ಬರಬೇಕು ಎಂದು ಕೇಳುವ ಧೈರ್ಯ ಆಗಲಿಲ್ಲ. ಬಸ್ಸಿನಲ್ಲಿ ಐ.ಡಿ.ಹಳ್ಳಿಗೆ ಹೋಗಿ ಅಲ್ಲಿಂದ ನಡೆದೆವು. ದಾರಿಯುದ್ದಕ್ಕೂ ನಾನು ಡಬ್ಬಿಗೆ ನೀರು ಕಡಿಮೆ ಬೆರೆಸಿರಬೇಕು ಎಂದು ಹೇಳಿಕೊಂಡೇ ಹೋದೆ. ಡಾಕ್ಟರು ಬಿರುಸಾಗಿ ಮುಂದೆ ನಡೆದರು.

ಹಟ್ಟಿಯ ಮುಂದಿನ ಬಯಲಿನಲ್ಲಿ ಕುರಿಗಳು ಬಿದ್ದಿದ್ದವು. ಸತ್ತವುಗಳಿಗಿಂತ ಸಾಯದೆ ಉಳಿದವುಗಳನ್ನು ನೋಡುವುದು ಕಷ್ಟವಾಯಿತು. ಕಾಲು ನಿಲ್ಲದೆ ತೂರಾಡಿ, ಹೊಟ್ಟೆ ನೋವಿಗೆ ತಿರುಗಿ ತಿರುಗಿ ಪಕ್ಕೆಯನ್ನು ಮೂಸುತ್ತ, ಕೂತು ಏಳುತ್ತಿದ್ದವು. ಸೋರಿದ ನೀರು ನೆಕ್ಕಿದ ಹಟ್ಟಿಯ ನಾಯಿ ತೊಟ್ಟಿಯ ಹತ್ತಿರವೇ ಸತ್ತಿತ್ತು. ಡಾಕ್ಟರು ತಂದ ಔಷಧಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಬಿದಿರು ಗೊಟ್ಟದಲ್ಲಿ ಕುಡಿಸುತ್ತ ಹೋದರು. ನಾನು ಬಾಯಿ ಹಿಡಿದೆ. ಕುಡಿಸಿದವುಗಳಲ್ಲೂ ಹೆಚ್ಚಿನವು ಉಳಿಯಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅರವತ್ತರ ಮಂದೆಯಲ್ಲಿ ನಲವತ್ತೊಂದು ಹೋಗಿದ್ದವು.

ಮಂದೆಯ ಯಜಮಾನ ಐವತ್ತು ದಾಟಿದ ಮನುಷ್ಯ. ಅಳಲಿಲ್ಲ, ಬೈಯಲಿಲ್ಲ. ಚರ್ಮವನ್ನಾದರೂ ಸುಲಿದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿದ. ಕೂಡದು, ಮಾಂಸವನ್ನೂ ಮುಟ್ಟಬೇಡಿ, ಆಳು ಮುಳುಗುವಷ್ಟು ಗುಂಡಿ ತೋಡಿ ಹೂಳಿ ಎಂದು ಅವರು ಹೇಳಬೇಕಾಯಿತು. ನಾನೂ ಒಂದು ಗುದ್ದಲಿ ತೆಗೆದುಕೊಂಡೆ. ತೋಡುತ್ತಲೇ ಡಾಕ್ಟರು ಒಂದೊಂದಾಗಿ ವಿಚಾರಿಸಿದರು. ನೀರು ಎಷ್ಟು ಕೊಡ ಹಾಕಿದಿರಿ? ಡಬ್ಬಿಯ ಮೇಲಿನ ಚಿತ್ರದಲ್ಲಿ ತೋರಿಸಿದಷ್ಟೇ, ಸರಿಯಾಗಿತ್ತು. ಬಾಯಿ ಹಿಡಿದಿದ್ದಿರಾ? ಹಿಡಿಯಲು ಪುರುಸೊತ್ತು ಎಲ್ಲಿತ್ತು, ತೊಟ್ಟಿಯ ಹತ್ತಿರ ತಂದದ್ದೇ ತಡ ಕುರಿಗಳು ತಾವೇ ಮೂತಿ ಹಾಕಿ ಕುಡಿದುಬಿಟ್ಟವು ಎಂದ. ಮುಂಚೆ ನೀರು ಕುಡಿಸಿರಲಿಲ್ಲವೇ ಎಂದು ಡಾಕ್ಟರು ಕೇಳಿದಾಗ ಯಜಮಾನ ಗುದ್ದಲಿ ನಿಲ್ಲಿಸಿ ಅವರನ್ನೇ ನೋಡಿದ.

"ಕುರಿ ತೊಳಿಯೋ ದಿನ ಯಾರ್ ಸೋಮಿ ನೀರ್ ಕುಡುಸ್ತಾರೆ? ಕುರಿಗೆ ನೀರಂದ್ರೆ ಭಯ. ಹಿಂದಿನ ದಿನ್ದಿಂದ ನೀರ್ ತೋರುಸ್ದೆ ಬಾಯಾರ್ಸಿ ತಂದ್ರೆ ತಾವೇ ಕೆರೆಗ್ ನುಗ್ತವೆ. ನಮ್ ತಾತನ ಕಾಲ್ದಿಂದ ಅಂಗೇ. ಕಾಗ್ದದಾಗೂ ಅದ್ನೇ ಬರ್ದಿತ್ತಲ್ಲ, ಕೆರೇಲಿ ತೊಳ್ದಂಗೇ ಅಂತ."

ಆ ಮಾತು ಕೇಳಿ ನಾನು ಗುದ್ದಲಿ ಕೆಳಗಿಟ್ಟೆ. ಬಸ್ಸಿನ ಕಿಟಕಿಯಿಂದ ಕಂಡ ಕುರಿಗಳು ತಾವಾಗಿ ನೀರಿಗೆ ನುಗ್ಗಿದ್ದು ಏಕೆಂದು ನಾನು ಯಾರನ್ನೂ ಕೇಳಿರಲಿಲ್ಲ. ನೋಡಲು ಚೆಂದವಾಗಿತ್ತು, ಬರೆದುಕೊಂಡೆ, ಅಷ್ಟೆ. ಕಾಗದದ ಹಿಂಬದಿಯಲ್ಲಿ ನೀರು ಕುಡಿಸಿ ಎಂದಿತ್ತಲ್ಲ ಎಂದು ತೊದಲಿದೆ. ಹಿಂಬದಿ ಎಲ್ಲಿದೆ ಎಂದು ಅವನು ಕೇಳಿದ. ಹಟ್ಟಿಯಲ್ಲಿ ಅಕ್ಷರ ಬಲ್ಲವನು ಅವನ ಅಳಿಯ ಒಬ್ಬನೇ. ಸಂತೆಯಿಂದ ತಂದ ಕಾಗದ ಹರಿದುಹೋಗದಿರಲಿ, ಬಂದವರಿಗೆಲ್ಲ ಓದಿ ಹೇಳಲು ಅನುಕೂಲವಾಗಲಿ ಎಂದು ಅವನು ಅದನ್ನು ಅವತ್ತೇ ರಾಗಿ ಗಂಜಿ ಹಚ್ಚಿ ಚಾವಡಿ ಗೋಡೆಗೆ ಅಂಟಿಸಿದ್ದ. ಮುಂಬದಿಯ ದೊಡ್ಡ ಅಕ್ಷರ ಹಟ್ಟಿಯ ಮಕ್ಕಳಿಗೂ ಬಾಯಿಪಾಠವಾಗಿತ್ತು. ನಾನು ಹೋಗಿ ಉಗುರಿನಿಂದ ಕೆರೆದು ಅದನ್ನು ಕಿತ್ತೆ. ಡಾಕ್ಟರ ಹತ್ತು ಅಂಶಗಳ ಬದಲು ಕೈಗೆ ಸುಣ್ಣ ಬಂತು. ಬರೆದವನು ನಾನು ಎಂದು ಆಗಲೂ ಹೇಳಲಿಲ್ಲ. ಹೆದರಿದೆ.

ಇದು ಇಲ್ಲಿಗೆ ಮುಗಿಯುವ ಹಾಗಿರಲಿಲ್ಲ. ತುಪ್ಪಟ ಕತ್ತರಿಸುವವರು ಒಂದೇ ತಂಡ, ಹಟ್ಟಿಯಿಂದ ಹಟ್ಟಿಗೆ ಸರದಿಯಲ್ಲಿ ಹೋಗುತ್ತಾರೆ. ಅದೇ ಸರದಿಯಲ್ಲಿ ಹದಿನೈದು ದಿನದ ಮೇಲೆ ಮುಳುಗಿಸುವ ಕೆಲಸವೂ ಬರುತ್ತದೆ. ಯಾವ ಹಟ್ಟಿಯಲ್ಲಿ ಕತ್ತರಿಸಿ ಎಷ್ಟು ದಿನವಾಯಿತು ಎಂಬುದನ್ನು ಯಜಮಾನ ಬೆರಳು ಮಡಿಸಿ ಹೇಳಿದ. ಹತ್ತಿರದ ಒಂದು ಹಟ್ಟಿಯಲ್ಲಿ ಬಹುಶಃ ಅವತ್ತೇ. ಪಾವಗಡದ ಕಡೆಯ ದೊಡ್ಡ ಹಟ್ಟಿಯಲ್ಲಿ ನಾಳೆ ಮಧ್ಯಾಹ್ನ; ಅಲ್ಲಿ ನಾಲ್ಕೈದು ಮನೆಯ ಮಂದೆ ಒಟ್ಟಿಗೆ. ಡಾಕ್ಟರು ಹತ್ತಿರದ ಹಟ್ಟಿಗೆ ಹೊರಟರು. ನಾನು ಹೊಸ ಕಾಗದ ಅಚ್ಚು ಹಾಕಿಸಿ ಬೆಳಗಿನ ಬಸ್ಸಿಗೆ ಬರುವುದೆಂದಾಯಿತು.

ಮಧುಗಿರಿಗೆ ಬಂದು ಮೊದಲು ಸಾಹುಕಾರರ ಅಂಗಡಿಗೆ ಹೋದೆ. ಉಳಿದ ಡಬ್ಬಿ ಮಾರುವುದನ್ನು ನಿಲ್ಲಿಸಿ, ಕೊಂಡವರಿಗೆ ಹೇಳಿ ಕಳಿಸಿ ಎಂದೆ. ಅವರು ಸಿಟ್ಟಾಗಲಿಲ್ಲ, ಶಾಂತವಾಗಿಯೇ ಕರಪತ್ರವೊಂದನ್ನು ತೆಗೆದು ಹಿಂದೆ ತಿರುಗಿಸಿ ಮೊದಲನೇ ಅಂಶದ ಮೇಲೆ ಬೆರಳಿಟ್ಟರು. ಎಲ್ಲ ಬರೆದಿದೆ, ಕರಡಿನ ಮೇಲೆ ಡಾಕ್ಟರ ಸಹಿಯೂ ಇದೆ, ಯಾರು ಕೇಳಿದರೂ ನಿನ್ನನ್ನೂ ನನ್ನನ್ನೂ ಇದು ಕಾಯುತ್ತದೆ ಎಂದರು. ಆಗ ನನಗೆ ಹೇಸಿಗೆಯಾಯಿತು, ಅವರ ಬಗ್ಗೆಯಲ್ಲ, ನನ್ನ ಬಗ್ಗೆ. ಹಿಂಬದಿಯನ್ನು ನಾನು ಕುರಿಗಾರನಿಗೆ ಬರೆದಿರಲಿಲ್ಲ. ಹೇಳಿದ್ದೇವೆ ಎಂದು ಹೇಳಿಕೊಳ್ಳಲು ಬರೆದಿದ್ದೆ. ಮುಂಬದಿಯನ್ನು ಮಾತ್ರ ಅವನು ನಂಬಲಿ ಎಂದು ಬರೆದಿದ್ದೆ, ಅವನು ನಂಬಿದ್ದ.

ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೇಳಿದರು. ಬರಿ ಎಂದರು. ಕೂತು ಬರೆದೆ. ಚಾಳಿ ಬಿಡುತ್ತದೆಯೇ, ಈ ಸಲವೂ ಮೇಲೆ 'ಎಚ್ಚರಿಕೆ! ಸಾವು ತೊಟ್ಟಿಯಲ್ಲಿದೆ!' ಎಂದು ಕೂಗಿಯೇ ಶುರು ಮಾಡಿದೆ. ನಮ್ಮ ಟ್ರೆಡಲ್ ಅಚ್ಚುಯಂತ್ರ ತುಳಿಯುವವನು ಪುರವರದ ಕಡೆಯ ಹಟ್ಟಿಯಲ್ಲಿ ಬೆಳೆದವನು, ಅಕ್ಷರ ಬಾರದು. ಅವನನ್ನು ಕೂರಿಸಿ ಓದಿ ಹೇಳಿದೆ. ಕೇಳುತ್ತ ಅವನ ಕಣ್ಣು ದೊಡ್ಡದಾಯಿತು. ಮುಗಿದ ಮೇಲೆ, "ಭಯ ಆಯ್ತು ಕಣಣ್ಣ. ಅದ್ಸರಿ, ಈಗ ಮಾಡ್ಬೇಕಾದ್ದೇನು?" ಎಂದು ಕೇಳಿದ. ನಾನು ಆ ಹಾಳೆಯನ್ನು ಹರಿದೆ.

ಕೂಗಿನ ಕೆಲಸ ಕೊಳ್ಳುವವನ ಕೈ ಡಬ್ಬಿಯ ಕಡೆ ಹೋಗುವ ತನಕ. ಪಾಠದ ಕೆಲಸ ಶುರುವಾಗುವುದು ಡಬ್ಬಿ ಕೈಗೆ ಬಂದ ಮೇಲೆ, ಬರೆದವನು ಎದುರಿಗಿಲ್ಲದಾಗ, ಮಂದೆ ತೊಟ್ಟಿಯ ಮುಂದೆ ನಿಂತಾಗ. ಅಷ್ಟು ವರ್ಷ ಎರಡನ್ನೂ ಒಂದೇ ಮಸಿಯಲ್ಲಿ ಬರೆದವನಿಗೆ ಇದು ಅವತ್ತು ತಿಳಿಯಿತು. ಟ್ರೆಡಲ್‌ನವನನ್ನೇ ಕೇಳಿದೆ: ಬೆಳಿಗ್ಗೆ ಎದ್ದು ಹಟ್ಟಿಯಲ್ಲಿ ಮೊದಲು ಏನು ಮಾಡುತ್ತೀರಿ, ಆಮೇಲೆ ಏನು, ಕುರಿಯನ್ನು ಹಿಡಿಯುವವನು ಯಾರು, ತೊಟ್ಟಿಯ ಹತ್ತಿರ ಎಷ್ಟು ಜನ. ಅವನು ಹೇಳಿದ ಕ್ರಮದಲ್ಲೇ ಡಾಕ್ಟರ ಅಂಶಗಳನ್ನು ಜೋಡಿಸಿದೆ. ಒಂದು ಸಾಲಿಗೆ ಒಂದು ಕೆಲಸ. 'ಕೆರೆಗೆ ತರುವ ಹಾಗೆ ಬಾಯಾರಿಸಿ ತರಬೇಡಿ. ಮೊದಲು ಬಾವಿಯ ನೀರು ಕುಡಿಸಿ. ಸಾಕಾಗಿ ತಲೆ ಎತ್ತುವ ತನಕ ಕುಡಿಸಿ. ಈ ಪುಡಿಯಲ್ಲಿ ಪಾಷಾಣವಿದೆ.' ಮೂರು ಸಲ ಓದಿದೆ, ಮೂರನೆಯ ಸಲ ಅವನೇ ನನಗೆ ತಿರುಗಿ ಒಪ್ಪಿಸಿದ. ಒಂದು ಸಾಲೂ ಚೆಂದವಿರಲಿಲ್ಲ.

ಆದರೆ ಮೊದಲ ಕಾಗದವನ್ನು ನಂಬಿದವರು ಇದನ್ನೇಕೆ ಕೇಳಬೇಕು? ಅದಕ್ಕೇ ಎಲ್ಲದರ ಮೇಲೆ ಇನ್ನೊಂದು ಸಾಲು ಸೇರಿಸಿದೆ. 'ಮೊದಲಿನ ಕಾಗದ ಬರೆದವನು ನಾನು. ಅದರಲ್ಲಿ ಕೆರೆಯ ಮಾತು ತಪ್ಪು.' ಕೆಳಗೆ ನನ್ನ ಹೆಸರು, ಊರು. ಇದನ್ನು ಅಚ್ಚು ಹಾಕಿದರೆ ಸಾಹುಕಾರರ ಕೆಲಸವೆಲ್ಲ ಕೈತಪ್ಪುತ್ತದೆ, ಪೊಲೀಸರೂ ಬರಬಹುದು ಎಂದು ಸಾಹೇಬರಿಗೆ ಹೇಳಿದೆ.

"ಅಚ್ಚು ಹಾಕಿದ ಕೈ ನಂದಲ್ವಾ ಮುನ್ಶಿ? ನನ್ನ ಹೆಸ್ರೂ ಹಾಕು. ಹಿಂದ್ಗಡೆ ಖಾಲಿ ಬಿಡು."

ನಡುರಾತ್ರಿ ಕಳೆಯುವ ಹೊತ್ತಿಗೆ ಅಚ್ಚು ಮುಗಿಯಿತು. ಬೆಳಗಿನ ಮೊದಲ ಬಸ್ಸಿಗೆ ಕಟ್ಟು ಹಿಡಿದು ಹೊರಟೆ. ಐ.ಡಿ.ಹಳ್ಳಿಯಲ್ಲಿ ಡಾಕ್ಟರು ಸಿಕ್ಕರು. ಅವರು ಹೋದ ಹಟ್ಟಿಯಲ್ಲಿ ಅರ್ಧ ಮಂದೆ ಮುಳುಗಿಸಿಯಾಗಿತ್ತು, ಹನ್ನೊಂದು ಸತ್ತಿದ್ದವು, ಇನ್ನೂ ಕೆಲವು ಬಿದ್ದಿದ್ದವು. ಅವುಗಳನ್ನು ಬಿಟ್ಟು ಬರಲು ಅವರಿಗಾಗುತ್ತಿರಲಿಲ್ಲ. ಅವರ ಪಕ್ಕದಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹಿಂದಿನ ದಿನದ ಯಜಮಾನ ನಿಂತಿದ್ದ. ದೊಡ್ಡ ಹಟ್ಟಿಗೆ ಒಳದಾರಿ ನನಗೆ ಗೊತ್ತು, ನಾನೂ ಬರುತ್ತೇನೆ ಎಂದ. ಇನ್ನೂ ಅವನ ಮೈಗೆ ಗುಂಡಿಯ ಮಣ್ಣು ಹತ್ತಿಕೊಂಡೇ ಇತ್ತು.

ಕಲ್ಲುಗುಡ್ಡದ ನಡುವೆ ಎರಡು ಗಂಟೆಯ ದಾರಿ. ಸ್ವಲ್ಪ ದೂರ ನಡೆದ ಮೇಲೆ ಅವನು ಕಾಗದ ಓದಿ ಹೇಳು ಎಂದ. ಓದಿದೆ. ಮೊದಲಿನ ಕಾಗದ ಬರೆದವನು ನಾನು ಎಂಬ ಸಾಲೇ ಮೊದಲು ಬಂತು. ಅವನು ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ಗುಡ್ಡ ಇಳಿಯುವಾಗ ಒಂದೇ ಮಾತು ಆಡಿದ.

"ಚೆಂದಾಗಿತ್ತು ಸೋಮಿ ನಿಮ್ ಮಾತು. ಅದ್ಕೇ ನಂಬ್ಬುಟ್ವಿ."

ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಾವು ಮುಟ್ಟುವ ಹೊತ್ತಿಗೆ ದೊಡ್ಡ ಹಟ್ಟಿಯಲ್ಲಿ ಪುಡಿ ಕಲಸಿ ತೊಟ್ಟಿ ತುಂಬಿಯಾಗಿತ್ತು. ನೀರಿಲ್ಲದ ಮಂದೆಗಳು ರೊಪ್ಪದ ಬೇಲಿಗೆ ಒತ್ತಿಕೊಂಡು ಒಂದೇ ಸಮನೆ ಅರಚುತ್ತಿದ್ದವು. ನಾನು ಕಾಗದ ಓದಿದೆ. ಯಾರೂ ಕಿವಿಗೊಡಲಿಲ್ಲ. ಈಗ ನೀರು ಕುಡಿಸಿದರೆ ಕುರಿ ತೊಟ್ಟಿಗೆ ಇಳಿಯುವುದಿಲ್ಲ, ಒಂದೊಂದನ್ನೂ ಎತ್ತಿ ಹಾಕಬೇಕು ಎಂದರು. ಒಬ್ಬ ಹಿರಿಯ ತೆಲುಗು ಬೆರೆಸಿ ರೇಗಿದ: "ಇವತ್ತೊಂದು ಕಾಗ್ದ, ರೇಪೊಂದು ಕಾಗ್ದ. ಯಾವ್ದ್ ನಂಬೋದಪ್ಪ?"

ಆಗ ನನ್ನ ಜೊತೆ ಬಂದವನು ಮುಂದೆ ಹೋದ. ಅವನ ಮಂದೆ ಆ ಸೀಮೆಯಲ್ಲೆಲ್ಲ ಗೊತ್ತಿದ್ದ ಮಂದೆ. ಕಂಬಳಿಯೊಳಗಿಂದ ಒಂದು ಗಂಟೆ ತೆಗೆದು ನೆಲದ ಮೇಲಿಟ್ಟ. ಮಂದೆಯ ಮುಂದೆ ನಡೆಯುವ ದೊಡ್ಡ ಟಗರಿನ ಕೊರಳ ಗಂಟೆ ಅದು. ಅದನ್ನು ಟಗರು ಇರುವ ತನಕ ಯಾರೂ ಬಿಚ್ಚುವುದಿಲ್ಲ. ಹಿರಿಯ ಅದನ್ನು ಗುರುತಿಸಿದ. ಎಷ್ಟು ಹೋದವು ಎಂದು ಮಾತ್ರ ಕೇಳಿದ. ಇವನು ಹೇಳಿದ. ಹೆಂಗಸರು ಬಾವಿಯ ಕಡೆ ಹೊರಟರು.

ಬಾವಿಯ ಪಕ್ಕದ ಕಲ್ಲು ಬಾನಿಗೆ ನೀರು ಸೇದಿ ಸೇದಿ ಸುರಿದೆವು, ನಾನೂ ಹಗ್ಗ ಎಳೆದೆ. ರೊಪ್ಪದ ಬಾಗಿಲು ತೆಗೆದದ್ದೇ ಕುರಿಗಳು ಒಂದರ ಮೇಲೊಂದು ಬಿದ್ದು ಬಂದವು. ಮುಂಗಾಲು ಮಡಿಸಿ, ಮೂತಿಯನ್ನು ಕಣ್ಣಿನವರೆಗೂ ನೀರಿಗೆ ಹಾಕಿ ಕುಡಿದವು. ಎಳೆದಷ್ಟೂ ಕುಡಿದವು. ಅಲ್ಲಿದ್ದ ಒಂದು ಮಂದೆಯೂ ಕೆಡಲಿಲ್ಲ. ಸಂಜೆಯವರೆಗೆ ಒಂದೊಂದನ್ನೇ ಬಾಯಿ ಹಿಡಿದು ಎತ್ತಿ ಮುಳುಗಿಸಿದರು. ಆ ಕೆಲಸ ಕೆರೆಯಲ್ಲಿ ತೊಳೆದಷ್ಟು ಸುಲಭವಾಗಿ ಏನೂ ಆಗಲಿಲ್ಲ.

ಮೊದಲ ಕುರಿಗಳು ಕುಡಿಯುತ್ತಿದ್ದಾಗ ನನ್ನ ಜೊತೆ ಬಂದವನು ಬಾನಿಯ ತುದಿಯಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದ. ನೀರು ಇಳಿಯುವ ಸದ್ದು ಕೇಳುತ್ತಿತ್ತು. ನಾನು ಹಗ್ಗ ಬಿಟ್ಟು ಅವನ ಹತ್ತಿರ ಹೋದೆ. ಅವನು ಕುರಿಗಳ ಮೇಲಿನ ಕಣ್ಣು ತೆಗೆಯದೆ ಹೇಳಿದ:

"ನಮ್ಮವೂ ಇಂಗೇ ಕುಡುದ್ವು ಸೋಮಿ."